ಗುಂಡಿ ಮಗ್ಗದಿಂದ ಎದ್ದು ಬಂದ ಡ್ರೈವರ್

ಡ್ರೈವಿಂಗ್ ಕಲಿಸುವ ಕೆಲಸದಲ್ಲಿ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಎಲ್ ಬೋರ್ಡ್ ನೋಡಿದ ಕೂಡಲೇ ಅವು ತಾವಾಗಿಯೇ ಕೈ ಅಡ್ಡ ಹಾಕಿ ಹತ್ತಿಕೊಳ್ಳುತ್ತವೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸೇಲಂನ ಒಂದು ಸಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಸ್ಕೂಲು ಅಂದರೆ ಒಂದು ಹಳೇ ಕಪ್ಪು ಕಾರು, ಒಂದು ಬೋರ್ಡು, ಮತ್ತು ನಾನು. ನನಗೆ ಮಾತು ಕಡಿಮೆ. ಕಲಿಯಲು ಬಂದವರು ಅದನ್ನು ಧೈರ್ಯ ಅಂದುಕೊಳ್ಳುತ್ತಿದ್ದರು. ಒಳ್ಳೆಯ ಅಭಿಪ್ರಾಯವನ್ನು ಯಾಕೆ ಕೆಡಿಸಬೇಕು ಎಂದು ನಾನೂ ತಿದ್ದಲಿಲ್ಲ.

ಎಷ್ಟೋ ಜನರಿಗೆ ಕಲಿಸಿದ್ದೇನೆ. ಆದರೆ ನೆನೆದಾಗ ಮೊದಲು ಕಣ್ಣಿಗೆ ಬರುವವರು ನಮ್ಮ ಅಕ್ಕನ ಗಂಡ. ನಮ್ಮದು ಸೇಲಂನ ಗುಗೈ ಕಡೆಯ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಆಫೀಸು ಹತ್ತಿದರೆ ಬಂದಷ್ಟು ಇಂಗ್ಲಿಷ್. ಭಾವ ಮೀಸೆ ಮೂಡುವ ಮೊದಲೇ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿ ಮಗ್ಗಕ್ಕೆ ಇಳಿದವರು. ಗುಂಡಿಯ ತಂಪು ಅವರ ಮಂಡಿಗೆ ಹಿಡಿದಿತ್ತು. ಮಗ್ಗ ಬಿಡದಿದ್ದರೆ ಮುಂದೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ನೇಕಾರರ ಸೊಸೈಟಿಗೆ ನೂಲು, ಸೀರೆ ಸಾಗಿಸಲು ಒಂದು ವ್ಯಾನು ಬಂತು. ದೀಪಾವಳಿ ಸರಕು ಹೊರಡುವುದರೊಳಗೆ ಲೈಸೆನ್ಸ್ ತಂದರೆ ಡ್ರೈವರ್ ಕೆಲಸ ನಿಮಗೆ, ಇಲ್ಲದಿದ್ದರೆ ಹೊರಗಿನವರಿಗೆ ಎಂದು ಸೊಸೈಟಿಯ ಕಾರ್ಯದರ್ಶಿ ಹೇಳಿಬಿಟ್ಟರು.

ಅಕ್ಕ ಗಂಡನನ್ನು ನನಗೆ ಒಪ್ಪಿಸುತ್ತಾ, "ನಿಮ್ ಭಾವನ ಮಂಡಿ ನಿನ್ ಕೈಲೈತೆ ತಮ್ಮಾ" ಅಂದಳು.

ಭಾವನಿಗೆ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ. "ಸಾವಿರಾರು ಎಳೆ ಒಂದೇ ಕಣ್ಣಾಗೆ ಕಾಯೋನಿಗೆ ನಾಕು ಚಕ್ರ ಏನ್ಲಾ? ಆಯ್ತದೆ ಬಿಡು" ಅಂದರು.

ನೀರು ಕುಡಿದು ಬರುವುದು

ಮೊದಲ ದಿನ ಕಾರನ್ನು ಮನೆ ಬಾಗಿಲಿಗೇ ತಂದೆ. ಭಾವ ಒಗೆದ ಪಂಚೆ ಉಟ್ಟು, ಕುಲದೇವತೆ ಚೌಡಮ್ಮನ ಪಟಕ್ಕೆ ಕೈಮುಗಿದು, ಬೀದಿಯ ಜನರೆಲ್ಲ ನೋಡುತ್ತಿದ್ದ ಹಾಗೆ ಸ್ಟೀರಿಂಗ್ ಮುಂದೆ ಕೂತರು. ನಾನು ಪಕ್ಕದಲ್ಲಿ ಕೂತು, "ಎಲ್ಲಿಗೆ ಹೋಗೋಣ ಭಾವ?" ಅಂದೆ.

ಭಾವ ಬಾಗಿಲು ತೆಗೆದು ಇಳಿದರು. ಒಳಗೆ ಹೋದರು. ಒಂದು ಚೊಂಬು ನೀರು ಕುಡಿದು, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ಹೊಸದಾಗಿ ಹೊರಟವರಂತೆ ಬಂದು ಮತ್ತೆ ಹತ್ತಿದರು.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಪರಿಹಾರವೆಂದರೆ ಹೀಗೆ ನೀರು ಕುಡಿದು, ಕೂತು, ಮತ್ತೆ ಹೊರಡುವುದು. ಇದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಆದರೆ ಮೇಷ್ಟ್ರಾದ ಮೇಲೆ ಬಾಯಿಗೆ ಬೇರೆ ಅಭ್ಯಾಸವಾಗಿತ್ತು. ಬೀದಿಯ ತುದಿ ಬಂದಾಗ, ಈಗ ಎಲ್ಲಿಗೆ ತಿರುಗಿಸುತ್ತೀರಿ ಎಂದು ಕೇಳಿಬಿಟ್ಟೆ. ಭಾವ ಕಾರನ್ನು ಅಲ್ಲೇ ನಿಲ್ಲಿಸಿ, ನಡೆದು ಮನೆಗೆ ಹೋಗಿ ನೀರು ಕುಡಿದು ಬಂದರು. ಮೂರನೆಯ ಸಲ ತಪ್ಪು ನನ್ನದಲ್ಲ. ಎದುರು ಮನೆಯವರು ಪ್ರೀತಿಯಿಂದ ಕಾರಿನೊಳಗೆ ತಲೆ ಹಾಕಿ, ಎಲ್ಲಿಗೆ ಹೊರಟಿರಿ ಎಂದರು.

ಕೊನೆಗೆ ಅಕ್ಕ ಬಾಗಿಲಿಗೆ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಅಷ್ಟು ಬುಕ್ಕು ಓದಿ ಏನ್ ಬಂತ್ಲಾ? ಎಲ್ಲಿಗೆ ಅನ್ಬಾರ್ದು. ದೂರಾನಾ ಅನ್ಬೇಕು. ದೂರ ಆದ್ರೆ ಹೂಂ ಅಂತಾರೆ, ಅತ್ರ ಆದ್ರೆ ಇಲ್ಲೇ ಅಂತಾರೆ. ಅಷ್ಟೇಯ."

ಅಂದಿನಿಂದ ನಾನು ದಿನಾ "ದೂರಾನಾ ಭಾವ?" ಅನ್ನುತ್ತಿದ್ದೆ. ಭಾವ "ಇಲ್ಲೇ" ಎಂದು ಗೇರು ಹಾಕುತ್ತಿದ್ದರು. ಮೊದಲ ದಿನದ ಸಂಜೆ ಮಾತ್ರ, ಇವತ್ತು ಎಷ್ಟು ಓಡಿತು ಎಂದು ಸ್ಕೂಲಿನ ಮಾಲೀಕರು ಕೇಳಿದಾಗ ಇದ್ದದ್ದನ್ನೇ ಹೇಳಿದೆ. ಕಾರು ಬೀದಿ ದಾಟಿಲ್ಲ, ಭಾವ ಒಂದು ಕೊಡ ನೀರು ಮುಗಿಸಿದ್ದಾರೆ.

ಒಂಟಿ ಚಪ್ಪಲಿ

ಮಗ್ಗದ ಗುಂಡಿಯಲ್ಲಿ ಎರಡು ತುಳಿಮಣೆ ಇರುತ್ತವೆ. ಎಡಗಾಲು ಒತ್ತಿದರೆ ಬಲಗಾಲು ಏಳಬೇಕು, ಬಲಗಾಲು ಒತ್ತಿದರೆ ಎಡಗಾಲು ಏಳಬೇಕು. ಒಂದೊಂದು ತುಳಿತಕ್ಕೂ ಬಲಗೈ ಮೇಲಿನ ಹಗ್ಗ ಜಗ್ಗಬೇಕು, ಲಾಳಿ ಅತ್ತಿಂದಿತ್ತ ಓಡಬೇಕು. ಭಾವನ ಕೈಕಾಲಿಗೆ ಇದು ಉಸಿರಾಡಿದಷ್ಟು ಸಹಜ.

ಕಾರಿಗೆ ಅದು ಗೊತ್ತಿರಲಿಲ್ಲ. ಭಾವ ಎಡಗಾಲಿನಿಂದ ಕ್ಲಚ್ ಒತ್ತಿದೊಡನೆ ಬಲಗಾಲು ಬ್ರೇಕ್ ಬಿಟ್ಟು ಮೇಲೇಳುತ್ತಿತ್ತು. ಬ್ರೇಕ್ ಒತ್ತಿದೊಡನೆ ಎಡಗಾಲು ಕ್ಲಚ್ ಬಿಡುತ್ತಿತ್ತು. ಒಣಗಿದ ಕೆರೆಯ ಅಂಗಳದಲ್ಲಿ ನಮ್ಮ ಕಾರು ನೆಗೆದು ನಿಂತು, ನಿಂತು ನೆಗೆದು, ಕಪ್ಪೆಯ ಹಾಗೆ ಸಾಗಿತು. ಪ್ರತಿ ನೆಗೆತಕ್ಕೂ ಭಾವನ ಬಲಗೈ ಸ್ಟೀರಿಂಗ್ ಬಿಟ್ಟು ಮೇಲೆ ಹೋಗಿ ಹಗ್ಗ ಹುಡುಕುತ್ತಿತ್ತು. ಕಾರಿನೊಳಗಿನ ಕನ್ನಡಿಗೆ ಮಾಲೀಕರು ಪಳನಿಯಿಂದ ತಂದ ಒಂದು ಮಣಿಸರ ತೂಗುಹಾಕಿದ್ದರು. ಎರಡು ದಿನ ಅದು ಹೇಗೋ ತಡೆದುಕೊಂಡಿತು. ಮೂರನೆಯ ದಿನ ಕನ್ನಡಿಯೊಂದಿಗೇ ಭಾವನ ಕೈಗೆ ಬಂತು.

ಅಕ್ಕನ ಗಂಡನಿಗೆ ಗದರುವ ಹಾಗಿಲ್ಲ. "ಚೆನ್ನಾಗಿದೆ ಭಾವ. ಎರಡು ಕಾಲನ್ನೂ ಒಟ್ಟಿಗೆ ಒತ್ತಿದರೆ ಇನ್ನೂ ಚೆನ್ನಾಗಿರುತ್ತೆ" ಅಂದೆ.

"ನಾನ್ ಒತ್ತುತೀನಿ ಕಣ್ಲಾ, ಕಾಲು ಕೇಳಾಕಿಲ್ಲ" ಅಂದರು.

ಸಂಜೆ ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಕ್ಕ ಇದನ್ನೆಲ್ಲ ಕೇಳಿದಳು. ರಾಟೆ ನಿಲ್ಲಿಸದೆಯೇ ಉಪಾಯ ಹೇಳಿದಳು. "ಮಗ್ಗದ ಗುಂಡಿಗೆ ಯಾವತ್ತಾದ್ರೂ ಚಪ್ಪಲಿ ಆಕ್ಕೊಂಡು ಇಳಿದವ್ರಾ? ಬಲಗಾಲಿಗೆ ಚಪ್ಪಲಿ ಆಕು. ಇದು ಮಗ್ಗ ಅಲ್ಲ ಅಂತ ಆ ಕಾಲಿಗೆ ತಿಳೀತದೆ."

ನಗಬೇಕೆಂದಿದ್ದೆ. ಮಾರನೆಯ ದಿನ ಬಲಗಾಲಿಗೆ ಮಾತ್ರ ಚಪ್ಪಲಿ ಹಾಕಿ ಕೂರಿಸಿದೆ. ಎಡಗಾಲು ಕ್ಲಚ್ ಒತ್ತಿತು. ಬಲಗಾಲು ಒಂದು ಕ್ಷಣ ಏಳಲು ನೋಡಿತು, ಚಪ್ಪಲಿಯ ಭಾರ ತಿಳಿಯಿತೋ ಏನೋ, ಸುಮ್ಮನೆ ಅಲ್ಲೇ ಕೂತಿತು. ಕಾರು ನೀರಿನ ಮೇಲೆ ಹೋದಂತೆ ಹೋಯಿತು.

ಇನ್ನೊಂದು ಚಪ್ಪಲಿಯನ್ನು ಅಕ್ಕ ಎತ್ತಿ ಅಟ್ಟದ ಮೇಲಿಟ್ಟಳು. ಲೈಸೆನ್ಸ್ ಬರುವ ತನಕ ಕೊಡುವುದಿಲ್ಲ ಎಂದಳು. ಹೀಗಾಗಿ ಆ ದಿನಗಳಲ್ಲಿ ಭಾವ ಅಂಗಡಿಗೆ ಹೋದರೂ ಒಂದು ಕಾಲು ಡ್ರೈವರಿನದು, ಇನ್ನೊಂದು ನೇಕಾರನದು.

ಬೀಗರ ಗಾಡಿ

ಕಾಲು ಹದಕ್ಕೆ ಬಂದ ಮೇಲೆ ರಸ್ತೆಗೆ ಇಳಿದೆವು. ಕೊಂಡಲಾಂಪಟ್ಟಿ ದಾಟಿದ ಮೇಲೆ ಮುಂದೆ ಒಂದು ಎತ್ತಿನ ಗಾಡಿ ಹೋಗುತ್ತಿತ್ತು. ರಸ್ತೆ ಖಾಲಿ. ಮುಂದೆ ಹಾಕಿ ಭಾವ ಎಂದೆ. ಭಾವ ಹಾಕಲಿಲ್ಲ. ಹಾರನ್ ಮಾಡಿ ಎಂದೆ. ಅದನ್ನೂ ಮಾಡಲಿಲ್ಲ. ಸ್ವರ ತಗ್ಗಿಸಿ, "ಬೀಗ್ರು" ಅಂದರು.

ಗಾಡಿಯಲ್ಲಿ ಕೂತಿದ್ದವರು ಭಾವನ ತಂಗಿಯ ಮಾವ. ಹೆಣ್ಣು ಕೊಟ್ಟ ಮನೆಯವರು ಬೀಗರನ್ನು ಹಿಂದೆ ಹಾಕಿ ಧೂಳೆಬ್ಬಿಸಿ ಹೋಗುವುದುಂಟೇ? ಮೊದಲನೆಯ ಗೇರಿನಲ್ಲಿ ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ನಾವು ಹಿಂಬಾಲಿಸಿದೆವು. ನಮ್ಮ ಹಿಂದೆ ಒಂದು ಲಾರಿ, ಲಾರಿಯ ಹಿಂದೆ ಒಂದು ಬಸ್ಸು ಸೇರಿಕೊಂಡವು.

ಸ್ವಲ್ಪ ಹೊತ್ತಿಗೆ ಬೀಗರು ಹಿಂತಿರುಗಿ ನೋಡಿದರು. ಕೂಡಲೇ ಗಾಡಿ ನಿಲ್ಲಿಸಿ, ಹೆಗಲ ಟವೆಲ್ ಸರಿಮಾಡಿಕೊಂಡು ಇಳಿದು ಬಂದರು. ಭಾವನೂ ಇಳಿದರು. ನೀವು ಮುಂದೆ ಹೋಗಿ ಎಂದು ಬೀಗರು. ಎಲ್ಲಾದರೂ ಉಂಟೇ, ನೀವು ಹೋಗಿ ಎಂದು ಭಾವ. ಕಾರು ಹೊಸ ವಿದ್ಯೆ, ಅದಕ್ಕೆ ದಾರಿ ಬಿಡಬೇಕು ಎಂದು ಬೀಗರು. ವಿದ್ಯೆ ಎಷ್ಟಾದರೂ ವಯಸ್ಸಿಗೆ ಹಿಂದೆ ಎಂದು ಭಾವ. ಮನೆಯ ಕ್ಷೇಮ ಸಮಾಚಾರ, ತಂಗಿಯ ಬಾಣಂತನ, ಎರಡೂ ಮುಗಿದವು. ಆದರೆ ಮುಂದೆ ಹೋಗುವ ವಿಚಾರ ಮಾತ್ರ ತೀರ್ಮಾನವಾಗಲಿಲ್ಲ.

ಬಸ್ಸಿನ ಕಂಡಕ್ಟರ್ ಇಳಿದು ಬಂದ. ಏನು ಆಕ್ಸಿಡೆಂಟೇ ಎಂದು ತಮಿಳಿನಲ್ಲಿ ನನ್ನನ್ನು ಕೇಳಿದ. "ಇಲ್ಲ, ಸಂಬಂಧಿಗಳು" ಎಂದೆ. ಅವನೂ ಹೆಣ್ಣು ಕೊಟ್ಟವನಿರಬೇಕು. ಮರಳಿ ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಕೂತ.

ಬಿಕ್ಕಟ್ಟನ್ನು ಬಿಡಿಸಿದವು ಎತ್ತುಗಳು. ನಿಂತು ನಿಂತು ಸಾಕಾಗಿ, ಯಜಮಾನನನ್ನು ಬಿಟ್ಟು ಅವು ಖಾಲಿ ಗಾಡಿ ಎಳೆದುಕೊಂಡು ಊರ ಕಡೆ ಹೊರಟೇಬಿಟ್ಟವು. ಬೀಗರನ್ನು ನಾವು ಕಾರಿನಲ್ಲಿ ಕೂರಿಸಿಕೊಂಡೆವು. ಈಗ ಗಾಡಿಯಲ್ಲಿ ಯಾರೂ ಇಲ್ಲದ್ದರಿಂದ ಭಾವ ಹಾರನ್ ಮಾಡಿ, ಕೈ ತೋರಿಸಿ, ಬಹಳ ಚೆನ್ನಾಗಿ ಅದನ್ನು ಹಿಂದೆ ಹಾಕಿದರು.

ಹಿಂದಿನ ಸೀಟಿನ ಕೆಮ್ಮು

ಟೆಸ್ಟ್ ಮಾಡುವ ಅಧಿಕಾರಿಗೆ ನಮ್ಮ ಕಡೆ ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ ಹೆಸರು. ನಮಗೆ ಸಿಕ್ಕವರು ದಪ್ಪ ಶರೀರದ, ನಶ್ಯದ ಡಬ್ಬಿಯ ಮನುಷ್ಯ. ಅವರ ಪದ್ಧತಿ ಸರಳ. ಓಮಲೂರು ರಸ್ತೆಯ ಪಕ್ಕದ ಮೈದಾನದಿಂದ ಕಾರು ಹೊರಡಬೇಕು. ಸಾಕು ಅನ್ನಿಸಿದಾಗ ಅವರು ತಮ್ಮ ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟುತ್ತಾರೆ. ತಟ್ಟಿದ ಮೇಲೆ ಕಾರು ತಿರುಗಿಸಿಕೊಂಡು ಬರಬೇಕು. ಸಾಮಾನ್ಯವಾಗಿ ಒಂದು ಹುಣಸೆ ಮರದ ಹತ್ತಿರ ತಟ್ಟುತ್ತಿದ್ದರು. ಕಲಿಸಿದವನು ಬೇಕಾದರೆ ಹಿಂದಿನ ಸೀಟಿನಲ್ಲಿ ಕೂರಬಹುದು.

ಭಾವನಿಗೆ ಎಲ್ಲವೂ ಬಂದಿತ್ತು. ಕೈ ಹೊರಗೆ ಹಾಕಿ ಸಿಗ್ನಲ್ ತೋರಿಸುವುದೊಂದು ಮಾತ್ರ ಮರೆತುಹೋಗುತ್ತಿತ್ತು. ಅದಕ್ಕೊಂದು ದಾರಿಯನ್ನು ಅವರೇ ಕಂಡುಹಿಡಿದರು. "ಎಲ್ಲಿ ಕೈ ಆಕ್ಬೇಕೋ ಅಲ್ಲಿ ಒಂದ್ ಸಲ ಕೆಮ್ಮು. ಮಿಕ್ಕಿದ್ದು ನನಗಿರಲಿ."

ಹೊರಟೆವು. ಇನ್ಸ್‌ಪೆಕ್ಟರು ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿದರು. ಕಿಟಕಿಯ ಗಾಳಿಗೆ ಉಳಿದದ್ದು ಹಿಂದಿನ ಸೀಟಿಗೆ ಬಂತು. ನನಗೆ ಕೆಮ್ಮು ಹತ್ತಿಕೊಂಡಿತು. ಭಾವ ಕೈ ಹೊರಗೆ ಹಾಕಿದರು. ನಾನು ಮತ್ತೆ ಕೆಮ್ಮಿದೆ. ಭಾವ ಕೈ ಒಳಗೆ ತೆಗೆದು ಮತ್ತೆ ಹಾಕಿದರು. ನನ್ನ ಕೆಮ್ಮು ನಿಲ್ಲಲಿಲ್ಲ, ಅವರ ಕೈಯೂ ನಿಲ್ಲಲಿಲ್ಲ. ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಂದು ಕುಟುಂಬ, ಕರೆಯುತ್ತಿದ್ದಾರೆಂದು ತಿಳಿದು ಗಂಟುಮೂಟೆ ಹೊತ್ತು ಕಾರಿನ ಹಿಂದೆ ಓಡಿಬಂತು.

ಇನ್ಸ್‌ಪೆಕ್ಟರು ಹುಣಸೆ ಮರದವರೆಗೂ ಕಾಯಲಿಲ್ಲ, ಅಲ್ಲೇ ತಟ್ಟಿದರು. ಭಾವ ಫೇಲು. ಇಳಿದ ಮೇಲೆ ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ ತಮಿಳಿನಲ್ಲಿ, ಮುಂದಿನ ಸಲ ಹಿಂದಿನ ಸೀಟಿನಿಂದ ಒಂದು ಸದ್ದು ಬಂದರೂ ಅವನಿಗೆ ಈ ಜನ್ಮದಲ್ಲಿ ಲೈಸೆನ್ಸ್ ಇಲ್ಲ ಎಂದರು. ನಾನು ತಲೆಯಾಡಿಸಿದೆ. ಮಾತಾಡಬೇಡ ಎಂದು ನನಗೆ ಆಜ್ಞೆ ಮಾಡಿದವರು ಅದುವರೆಗೆ ಯಾರೂ ಇರಲಿಲ್ಲ.

ಓಡಿಬಂದ ಕುಟುಂಬವನ್ನು ಭಾವ ಕಾರಿನಲ್ಲೇ ಬಸ್ ಸ್ಟ್ಯಾಂಡಿಗೆ ಬಿಟ್ಟರು. ಕರೆದ ಮೇಲೆ ಬಿಡಬೇಕಲ್ಲ.

ದೂರಮಾ ಸಾರ್?

ಎರಡನೆಯ ಟೆಸ್ಟಿನ ಹೊತ್ತಿಗೆ ದೀಪಾವಳಿ ಸರಕಿನ ಮೂಟೆಗಳು ಸೊಸೈಟಿಯಲ್ಲಿ ಕಟ್ಟಿ ಕೂತಿದ್ದವು. ಹೊರಗಿನ ಡ್ರೈವರೊಬ್ಬ ಬಂದು ವ್ಯಾನಿನ ಟೈರುಗಳನ್ನು ಒದ್ದು ನೋಡಿ ಹೋಗಿದ್ದ. ಕಾರ್ಯದರ್ಶಿ ನಾಳೆಯವರೆಗೆ ಮಾತ್ರ ಎಂದಿದ್ದರು. ಹೊರಡುವಾಗ ಅಕ್ಕ ಅಟ್ಟದ ಕಡೆ ಒಮ್ಮೆ ನೋಡಿದಳು, ಅಷ್ಟೇ.

"ಆಯ್ತದೆ ಬಿಡು" ಅಂದರು ಭಾವ.

ಟೆಸ್ಟ್ ಮಧ್ಯಾಹ್ನ. ಇನ್ಸ್‌ಪೆಕ್ಟರು ಯಾರದೋ ಮದುವೆಯ ಊಟ ಮುಗಿಸಿ, ಬಾಯಿ ತುಂಬ ವೀಳ್ಯದೊಂದಿಗೆ ಬಂದರು. ಮೈದಾನದಲ್ಲಿ ಇನ್ನೂ ಹಲವರು ತಮ್ಮ ತಮ್ಮ ಕಾರಿನ ಪಕ್ಕ ಕಾದು ನಿಂತಿದ್ದರು. ಮೊದಲ ಸರದಿ ನಮ್ಮದು. ಇನ್ಸ್‌ಪೆಕ್ಟರು ಹತ್ತಿ, ಭಾವನ ಒಂಟಿ ಚಪ್ಪಲಿಯನ್ನು ನೋಡಿ, ಕೇಳಲು ಬಾಯಿ ತೆರೆದು, ವೀಳ್ಯ ಚೆಲ್ಲೀತೆಂದು ಮುಚ್ಚಿಕೊಂಡರು. ಹೊರಡು ಎಂದು ಕೈಸನ್ನೆ ಮಾಡಿದರು.

ಭಾವ ಗೇರು ಹಾಕುವ ಮೊದಲು ವಿನಯದಿಂದ ಕೇಳಿದರು. "ದೂರಮಾ ಸಾರ್?"

ಹೊರಟವರನ್ನು ಇನ್ನು ಹೇಗೆ ಕೇಳಬೇಕು? ಇನ್ಸ್‌ಪೆಕ್ಟರೂ ಅದೇ ಸೀಮೆಯವರು, ಮರ್ಯಾದೆಯ ಮಾತೆಂದು ತಿಳಿದು, "ಆಮಾ, ಆಮಾ" ಎಂದರು. ಹೌದು, ದೂರವೇ.

ಹುಣಸೆ ಮರ ಬರುವ ಹೊತ್ತಿಗೆ ಇನ್ಸ್‌ಪೆಕ್ಟರ ತಲೆ ಎದೆಯ ಮೇಲೆ ವಾಲಿತ್ತು. ಹುಣಸೆ ಮರ ಬಂತು. ಬೆರಳು ತಟ್ಟಲಿಲ್ಲ. ಭಾವ ಮತ್ತೆ ಕೂರಿಸಿದ್ದ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಸದ್ದು ಬಂದರೆ ಲೈಸೆನ್ಸ್ ಇಲ್ಲ. ನಾನು ಕಿಟಕಿಯಿಂದಾಚೆ ನೋಡಿದೆ. ಹುಣಸೆ ಮರ ಹಿಂದೆ ಹೋಯಿತು.

ಮಲಗಿದವರನ್ನು ಎಬ್ಬಿಸಬಾರದು ಎಂಬುದು ಒಂದು. ಅಧಿಕಾರಿಯನ್ನು ಎಬ್ಬಿಸಬಾರದು ಎಂಬುದು ಇನ್ನೊಂದು. ದೂರ ಎಂದು ಅವರೇ ಹೇಳಿದ್ದಾರೆ ಎಂಬುದು ಎಲ್ಲಕ್ಕಿಂತ ದೊಡ್ಡದು. ಭಾವ ನೆಟ್ಟಗೆ ನಡೆಸಿದರು. ಓಮಲೂರು ಬಂತು. ಅಂದು ಸಂತೆ. ಮೆಣಸಿನಕಾಯಿ ಮೂಟೆ, ಕೋಳಿ ಬುಟ್ಟಿ, ಮಕ್ಕಳು, ಸೈಕಲ್ಲು, ಎಲ್ಲದರ ನಡುವೆ ದಾರಿ ಮಾಡಿಕೊಂಡು ಸಾಗಿದರು. ಹಾರನ್ ಮಾಡಲಿಲ್ಲ, ಎಚ್ಚರವಾದೀತೆಂದು. ಕೈ ಹೊರಗೆ ಹಾಕಿ ಹಾಕಿ ತೋರಿಸಿದರು. ಒಂದು ಸಿಗ್ನಲನ್ನೂ ಮರೆಯಲಿಲ್ಲ.

ಊರು ದಾಟಿದ ಮೇಲೆ ಇನ್ಸ್‌ಪೆಕ್ಟರ ತಲೆ ನಿಧಾನವಾಗಿ ಬಲಕ್ಕೆ ವಾಲಿ ಭಾವನ ಎಡ ಹೆಗಲ ಮೇಲೆ ಬಂದು ನೆಲೆಯಾಯಿತು. ಅಲ್ಲಿಂದ ಮುಂದೆ ಭಾವ ಕಾರು ಓಡಿಸಿದ ರೀತಿಯನ್ನು ನಾನು ಆಮೇಲೆ ಯಾರಲ್ಲೂ ಕಂಡಿಲ್ಲ. ಮಗ್ಗದ ಹಾಸಿನ ಎಳೆ ಕಡಿಯದಂತೆ ನೇಯುವ ಹಾಗೆ, ಹೆಗಲು ಅಲುಗದಂತೆ ಮೊಣಕೈಯಿಂದ ಕೆಳಗಷ್ಟೇ ಆಡಿಸಿ ಗೇರು ಬದಲಿಸಿದರು. ತೊಪ್ಪೂರು ಕಣಿವೆಯ ತಿರುವುಗಳಲ್ಲಿ ಎದುರಿನಿಂದ ಲಾರಿಗಳು ಬಂದವು. ಹೆಗಲ ಮೇಲಿನ ತಲೆ ಜಾರಲಿಲ್ಲ. ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದೆ, ಮನಸ್ಸಿನಲ್ಲೇ. ಇನ್ಸ್‌ಪೆಕ್ಟರು ಸಣ್ಣಗೆ ಗೊರಕೆ ಹೊಡೆದರು.

ಅದಿಯಮಾನ್‌ಕೋಟೆಯ ಹತ್ತಿರ ಒಂದು ಕುರಿಮಂದೆ ರಸ್ತೆ ದಾಟುತ್ತಿತ್ತು. ಭಾವ ಮೆಲ್ಲಗೆ ನಿಲ್ಲಿಸಿದರು. ಕುರಿಗಳು ಕಾರಿನ ಸುತ್ತ ಹರಿದು ಹೋದವು. ಕಂಬಳಿ ಹೊದ್ದ ಮುದುಕ ಕುರಿಗಾಹಿ ಕಿಟಕಿಗೆ ಬಗ್ಗಿ, ಹೆಗಲಿಗೊರಗಿ ಮಲಗಿದ ದೊಡ್ಡ ಮನುಷ್ಯರನ್ನು ನೋಡಿ, ನಮ್ಮ ಕನ್ನಡದಲ್ಲೇ ಗಟ್ಟಿಯಾಗಿ ಕೇಳಿದ. "ದೂರಾನಾ ಸ್ವಾಮಿ?"

ಇನ್ಸ್‌ಪೆಕ್ಟರು ಕಣ್ಣು ಬಿಟ್ಟರು. ಮುಂದೆ ಕುರಿ, ಪಕ್ಕದಲ್ಲಿ ಕುರಿ, ಕಿಟಕಿಯಲ್ಲಿ ಮುದುಕ. ಇದು ಯಾವ ಊರು ಎಂದರು. ಭಾವ ಹೇಳಿದರು. ಅವರು ನಂಬದೆ ರಸ್ತೆ ಬದಿಯ ಮೈಲಿಗಲ್ಲನ್ನು ಬಗ್ಗಿ ನೋಡಿದರು. ಧರ್ಮಪುರಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

"ಇಲ್ಲಿಗೆ ಯಾಕಯ್ಯಾ ಬಂದೆ?"

"ನೀವೇ ದೂರ ಅಂದ್ರಲ್ಲಾ ಸಾರ್" ಎಂದು ಭಾವ ತಮಿಳಿನಲ್ಲಿ ಉತ್ತರಿಸಿದರು.

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. ನೀನಾದರೂ ಹೇಳಬಾರದಿತ್ತೇ ಎಂದರು. ನಾನು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ಟೆಸ್ಟ್ ಇನ್ನೂ ಮುಗಿದಿರಲಿಲ್ಲ.

ಇನ್ಸ್‌ಪೆಕ್ಟರು ಮೈಲಿಗಲ್ಲನ್ನು ಇನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ ಅವರು ತಗ್ಗಿದ ದನಿಯಲ್ಲಿ ಕೇಳಿದರು. "ತೊಪ್ಪೂರು ಕಣಿವೆ?"

"ಆಯ್ತು ಸಾರ್."

"ಓಮಲೂರು ಸಂತೆ?"

"ಅದೂ ಆಯ್ತು."

ಇನ್ಸ್‌ಪೆಕ್ಟರು ತಮ್ಮ ಕತ್ತನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿ ನೋಡಿಕೊಂಡರು. ಎಲ್ಲೂ ನೋವಿರಲಿಲ್ಲ. ಕೆಳಗಿಳಿದು, ಕಾಗದವನ್ನು ಬಾನೆಟ್ಟಿನ ಮೇಲಿಟ್ಟು, ಕುರಿಗಳ ನಡುವೆ ನಿಂತೇ ಪಾಸ್ ಎಂದು ಬರೆದು ಸಹಿ ಹಾಕಿದರು. ಭಾವ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡು, ಮಡಿಸಿ ಜೇಬಿಗಿಟ್ಟರು.

ಮರಳಿ ಬರುವಾಗಲೂ ಭಾವನೇ ಓಡಿಸಿದರು. ಅದೇ ಕಾರು, ಅದೇ ರಸ್ತೆ, ಅದೇ ಮೆತ್ತಗಿನ ಕೈ. ಆದರೆ ಇನ್ಸ್‌ಪೆಕ್ಟರು ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ತೊಪ್ಪೂರು ಕಣಿವೆಯ ಉದ್ದಕ್ಕೂ ಎರಡು ಕೈಯಿಂದ ಸೀಟು ಹಿಡಿದು ಕೂತಿದ್ದರು. ಹೋಗುವಾಗ ಹೇಗೆ ಹೋದೆವೆಂದು ಅವರಿಗೆ ಆಗ ಗೊತ್ತಾಗಿತ್ತು.

ಮಾರನೆಯ ಬೆಳಗ್ಗೆ ದೀಪಾವಳಿ ಸೀರೆಯ ಮೂಟೆಗಳನ್ನು ಹೊತ್ತು ಸೊಸೈಟಿಯ ವ್ಯಾನು ಹೊರಟಿತು. ಅಕ್ಕ ಅಟ್ಟದಿಂದ ಚಪ್ಪಲಿ ಇಳಿಸಿ, ಧೂಳು ಒರೆಸಿ, ಗಂಡನ ಎಡಗಾಲಿನ ಮುಂದಿಟ್ಟಳು. ಎಲ್ಲಿಗೆ ಎಂದು ಬೀದಿಯಲ್ಲಿ ಯಾರೂ ಕೇಳಲಿಲ್ಲ.

ಆದರೆ ಹಿಂದಿನ ದಿನ ಮೈದಾನದಲ್ಲಿ ಕಾದು ನಿಂತವರ ಮಾತು ಉಳಿಯಿತು. ನಾವು ಮರಳಿದಾಗ ಹೊತ್ತು ಇಳಿದಿತ್ತು. ಅರ್ಧ ಜನ ಹೆದರಿ ಮನೆಗೆ ಹೋಗಿದ್ದರು. ಉಳಿದವರು ಭಾವನನ್ನು ಸುತ್ತುವರಿದು, ಎಲ್ಲಿವರೆಗೆ ಓಡಿಸಿದಿರಿ ಎಂದು ಕೇಳಿದರು. ಭಾವ ಸುಳ್ಳು ಹೇಳುವವರಲ್ಲ. "ಅದಿಯಮಾನ್‌ಕೋಟೆ ಗಂಟ" ಎಂದರು. ಪಾಸಾಗಲು ಅಷ್ಟು ಓಡಿಸಬೇಕೇ ಎಂದು ಒಬ್ಬರು ಕೇಳಿದರು. "ನನಗೆ ಅಷ್ಟಕ್ಕೇ ಬಿಟ್ರು" ಎಂದರು.

ಮುಂದಿನ ವಾರ ಇನ್ನೊಬ್ಬರನ್ನು ಕರೆದುಕೊಂಡು ನಾನು ಟೆಸ್ಟಿಗೆ ಹೋದೆ. ಇನ್ಸ್‌ಪೆಕ್ಟರು ಆಗಲೇ ಬಂದು, ಸಾಲಾಗಿ ನಿಂತ ಕಾರುಗಳ ಮುಂದೆ ಏನೂ ಅರ್ಥವಾಗದೆ ನಿಂತಿದ್ದರು. ಟೆಸ್ಟಿಗೆ ಬಂದ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಬುತ್ತಿಯ ಗಂಟು ಇತ್ತು. ಒಬ್ಬರಂತೂ ಹಾಸಿಗೆ ಸುತ್ತಿಕೊಂಡು ಬಂದಿದ್ದರು.